ಏರ್‌ಪೋರ್ಟ್ ರೋಡ್‌ನಲ್ಲಿ ಇಳಿಯಬೇಡ

(ಗುಂಪು: ಉಡುಪಿ ಮನೆಯವರು. ಸಂದರ್ಭ: ಅತ್ತೆಯ ಮಗಳು ಪುಟ್ಟಿ ಓದಲು ವಿದೇಶಕ್ಕೆ ಹೊರಟಿದ್ದಾಳೆ. ಉಡುಪಿಯಿಂದ ಮುಂಬೈಯ ಕುರ್ಲಾಕ್ಕೆ ಮತ್ಸ್ಯಗಂಧ ರೈಲು, ಮರುದಿನ ಮಧ್ಯಾಹ್ನ ಮುಂಬೈಯಿಂದ ವಿಮಾನ.)

ದೊಡ್ಡಪ್ಪ: *ಫಾರ್ವರ್ಡ್ ಮಾಡಲಾಗಿದೆ* ಮುಂಬೈಗೆ ಹೊಸದಾಗಿ ಹೋಗುವವರು ಗಮನಿಸಿ!! ಕುರ್ಲಾದಲ್ಲಿ ಇಳಿದು ಟ್ಯಾಕ್ಸಿಯವರ ಕೈಗೆ ಸಿಕ್ಕಿಬೀಳಬೇಡಿ. ಘಾಟ್ಕೋಪರ್‌ಗೆ ಹೋಗಿ ಮೆಟ್ರೋ ಹತ್ತಿ. ಏರ್‌ಪೋರ್ಟ್ ರೋಡ್ ನಿಲ್ದಾಣದಲ್ಲಿ ಇಳಿಯಿರಿ. ವಿಮಾನ ನಿಲ್ದಾಣ ಬಂದೇ ಬಿಟ್ಟಿತು. ಎಲ್ಲರಿಗೂ ಹಂಚಿ!!

ದೊಡ್ಡಪ್ಪ: ಪುಟ್ಟಿ, ಇದನ್ನು ಜೋಪಾನವಾಗಿ ಇಟ್ಟುಕೋ.

ಪುಟ್ಟಿ: ಆಯಿತು ಮಾವ 🙏

ಅತ್ತೆ: ಏನು ಆಯಿತು? ಅಣ್ಣ, ಎರಡು ದೊಡ್ಡ ಪೆಟ್ಟಿಗೆ, ಬೆನ್ನಿಗೊಂದು ಚೀಲ, ಒಬ್ಬಳೇ ಹುಡುಗಿ. ಮೆಟ್ರೋ ಹತ್ತು ಎನ್ನಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ದೊಡ್ಡಪ್ಪ: ನಾನು ಮುಂಬೈಗೆ ಹೋದದ್ದು ತಗಡಿನ ಪೆಟ್ಟಿಗೆ ಹೊತ್ತುಕೊಂಡು. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿ ಓಡಿದ್ದು 1998ರಲ್ಲಿ. ನಾವೆಲ್ಲ ಬಸ್ಸಿನಲ್ಲಿ ಮೈ ನುಗ್ಗಾಗಿಸಿಕೊಂಡು ಹೋದವರು.

ಚಿಕ್ಕಪ್ಪ (ಸುರತ್ಕಲ್): ಅಣ್ಣ, ನೀವು ಹೋದದ್ದು ಫೋರ್ಟಿನ ಹೋಟೆಲಿಗೆ. ಹೋಟೆಲು ತಡವಾಯಿತೆಂದು ಹಾರಿಹೋಗುವುದಿಲ್ಲ.

ತಮ್ಮ: 😂

ಅತ್ತೆ: ನಾನು ಮೊದಲೇ ಹೇಳಿದ್ದೆ, ನಮ್ಮ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದಲೇ ಹೊರಟರೆ ಈ ತಲೆನೋವು ಇಲ್ಲ ಎಂದು. ಕೇಳುವವರು ಯಾರು?

ಪುಟ್ಟಿ: ಅಮ್ಮ, ಅದು ಮುಗಿದ ಮಾತು. ನನಗೆ ಸಿಕ್ಕಿದ ಟಿಕೆಟಿನಲ್ಲಿ 23 ಕೆ.ಜಿ.ಯ ಎರಡು ಪೆಟ್ಟಿಗೆ ಒಯ್ಯಬಹುದು. ಬಜಪೆಯಿಂದ ಮುಂಬೈಗೆ ಬೇರೆ ಟಿಕೆಟ್ ಮಾಡಿದರೆ ಆ ವಿಮಾನದಲ್ಲಿ 15 ಕೆ.ಜಿ. ಮಾತ್ರ. ಮೇಲಿನ ಭಾರಕ್ಕೆಲ್ಲ ದುಡ್ಡು ತೆರಬೇಕು. ರೈಲಿನಲ್ಲಿ ಅಷ್ಟು ಕಾಟವಿಲ್ಲ.

ಅತ್ತೆ: ಅದರಲ್ಲಿ ಅರ್ಧ ಭಾರ ಉಪ್ಪಿನಕಾಯಿ ಎಂದು ನನ್ನ ಮೇಲೆ ಹೇಳಬೇಡ.

ಪುಟ್ಟಿ: ಹೇಳಲಿಲ್ಲವಲ್ಲ.

ನಾನು: ಭಾವ ಮುಂಬೈಯಲ್ಲೇ ಇದ್ದಾರಲ್ಲ. ದಿನವೂ ಓಡಾಡುವವರು ಒಂದು ಮಾತು ಹೇಳಲಿ.

ಭಾವ: ಕ್ಷಮಿಸಿ, ಆಫೀಸಿನಲ್ಲಿದ್ದೆ. ಮೊದಲಿಗೆ, ನಾನೇ ಹೋಗಿ ಕರೆದುಕೊಂಡು ಬಿಡುತ್ತಿದ್ದೆ. ಆದರೆ ಆ ವಾರ ಪುಣೆಯಲ್ಲಿ ಕೆಲಸವಿದೆ. ಇನ್ನು ದೊಡ್ಡ ಮಾವ ಹಾಕಿದ ಸಂದೇಶ. ಅದನ್ನು ಬರೆದವರು ಸುಳ್ಳು ಹೇಳಿಲ್ಲ, ಆದರೆ ಹಳೆಯ ಕಾಲದಲ್ಲಿ ನಿಂತಿದ್ದಾರೆ. ಘಾಟ್ಕೋಪರ್‌ನಿಂದ ವರ್ಸೋವಾಕ್ಕೆ ಹೋಗುವ ಮೊದಲನೆಯ ಮಾರ್ಗ ಶುರುವಾದದ್ದು 2014ರಲ್ಲಿ. ಆಗ ಏರ್‌ಪೋರ್ಟ್ ರೋಡ್‌ನಲ್ಲಿ ಇಳಿದು ರಿಕ್ಷಾ ಹಿಡಿಯುವುದೇ ದಾರಿ. ಆ ನಿಲ್ದಾಣ ಇರುವುದು ಅಂಧೇರಿ–ಕುರ್ಲಾ ರಸ್ತೆಯ ಮೇಲೆ, ವಿಮಾನ ನಿಲ್ದಾಣದ ಒಳಗಲ್ಲ. ಪೆಟ್ಟಿಗೆ ಎಳೆದುಕೊಂಡು ನಡೆದು ಹೋಗುವ ದೂರವೂ ಅಲ್ಲ.

ಭಾವ: 2024ರ ಅಕ್ಟೋಬರ್‌ನಲ್ಲಿ ಮೂರನೆಯ ಮಾರ್ಗ ಬಂತು, ನೆಲದಡಿಯದ್ದು. ಅದಕ್ಕೆ ಟರ್ಮಿನಲ್ 1ಕ್ಕೆ ಒಂದು, ಟರ್ಮಿನಲ್ 2ಕ್ಕೆ ಒಂದು ನಿಲ್ದಾಣವಿದೆ. ಈಗ ಘಾಟ್ಕೋಪರ್‌ನಿಂದ ಹೊರಟರೆ ಜಾಗೃತಿ ನಗರ, ಅಸಲ್ಫಾ, ಸಾಕಿ ನಾಕಾ, ಮರೋಳ್ ನಾಕಾ. ಮರೋಳ್ ನಾಕಾದಲ್ಲಿ ಇಳಿದು ಮೂರನೆಯ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಟರ್ಮಿನಲ್ 2. ಏರ್‌ಪೋರ್ಟ್ ರೋಡ್ ಬರುವುದು ಮರೋಳ್ ನಾಕಾ ದಾಟಿದ ಮೇಲೆ. ಎಂದರೆ ಆ ಸಂದೇಶ ನಂಬಿ ಹೋದವರು ಇಳಿಯಬೇಕಾದ ಜಾಗವನ್ನು ಬಿಟ್ಟು ಒಂದು ನಿಲ್ದಾಣ ಮುಂದೆ ಹೋಗಿರುತ್ತಾರೆ.

ದೊಡ್ಡಪ್ಪ: ಒಂದೇ ಒಂದು ನಿಲ್ದಾಣಕ್ಕೆ ಇಷ್ಟು ಗಲಾಟೆಯೇ?

ನಾನು: ದೊಡ್ಡಪ್ಪ, ಆ ಸಂದೇಶದಲ್ಲಿ ತಾರೀಕಿಲ್ಲ. ಯಾವ ಟರ್ಮಿನಲ್ ಎಂದಿಲ್ಲ. ಎಷ್ಟು ಹೊತ್ತಿಗೆ ಹೋಗುವವರಿಗೆ ಎಂದಿಲ್ಲ. ಊರು ಗೊತ್ತಿದ್ದವರು ಓದಿದರೆ ಬಿಟ್ಟುಹೋದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ಗೊತ್ತಿಲ್ಲದವಳು ಏನು ತುಂಬಿಕೊಳ್ಳಬೇಕು?

ದೊಡ್ಡಪ್ಪ: ಟರ್ಮಿನಲ್ ಯಾವುದಾದರೇನು, ಒಳಗೆ ಹೋದ ಮೇಲೆ ಬೋರ್ಡ್ ಇರುತ್ತದೆ.

ಭಾವ: ಮಾವ, ಅದು ಹಾಗಲ್ಲ. ನಿಮ್ಮ ಕಾಲದಲ್ಲಿ ಸಾಂತಾಕ್ರೂಜ್ ಒಂದು, ಸಹಾರ್ ಒಂದು ಎನ್ನುತ್ತಿದ್ದಿರಲ್ಲ, ಅದೇ ಈಗಿನ ಒಂದು ಮತ್ತು ಎರಡು. ಒಂದರ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಹೊರಗಿನಿಂದಲೇ ಸುತ್ತಿ ಬರಬೇಕು.

ದೊಡ್ಡಪ್ಪ: ಓ, ಸಹಾರ್ ಎಂದು ಹೇಳಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತು.

ಚಿಕ್ಕಪ್ಪ: ಆದರೂ ಅಣ್ಣನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಟ್ಯಾಕ್ಸಿ ಎಂದಾಕ್ಷಣ ಕ್ಷೇಮ ಎಂದು ಯಾರು ಹೇಳಿದರು? ಬೆಳಗಿನ ಹೊತ್ತು ಮುಂಬೈ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ದುಡ್ಡೂ ಹೋಯಿತು, ವಿಮಾನವೂ ಹೋಯಿತು. ಮೆಟ್ರೋಗೆ ಸಿಗ್ನಲ್ಲಿಲ್ಲ, ಗುಂಡಿಯಿಲ್ಲ.

ತಮ್ಮ: ಸಿಗ್ನಲ್ ಇದೆ ಚಿಕ್ಕಪ್ಪ, ನಮಗೆ ಕಾಣುವುದಿಲ್ಲ ಅಷ್ಟೇ.

ಚಿಕ್ಕಪ್ಪ: ನೀನು ಸುಮ್ಮನಿರು ಮಾರಾಯ.

ನಾನು: ಸರಿ, ಒಂದು ಪರೀಕ್ಷೆ ಮಾಡೋಣ. ಮುಂಬೈಯವರೊಬ್ಬರು ಉಡುಪಿ ಬಸ್ ನಿಲ್ದಾಣದಲ್ಲಿ ನಿಂತು, ಬಜಪೆ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಹೋಗುವುದು ಹೇಗೆ ಎಂದು ನಮ್ಮನ್ನು ಕೇಳಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರು ಒಂದೊಂದೇ ಸಂದೇಶದಲ್ಲಿ ಉತ್ತರ ಬರೆಯಿರಿ.

ಚಿಕ್ಕಪ್ಪ: ಅದರಲ್ಲೇನಿದೆ? ಮಂಗಳೂರು ಎಕ್ಸ್‌ಪ್ರೆಸ್ ಹತ್ತಿ ಕೂಳೂರಿನಲ್ಲಿ ಇಳಿಯುವುದು. ಅಲ್ಲಿಂದ ಕಾವೂರು. ಕಾವೂರಿನಲ್ಲಿ ಬಜಪೆ ಬಸ್ಸು.

ಅತ್ತೆ: ಕೂಳೂರು ಯಾಕೆ? ಮುಲ್ಕಿಯಲ್ಲಿ ಇಳಿದು ಕಿನ್ನಿಗೋಳಿ, ಕಟೀಲು, ಬಜಪೆ. ದಾರಿಯಲ್ಲಿ ಅಮ್ಮನವರ ದರ್ಶನವೂ ಆಗುತ್ತದೆ.

ತಮ್ಮ: ಪೆಟ್ಟಿಗೆ ಸಮೇತ ದರ್ಶನ.

ದೊಡ್ಡಪ್ಪ: ಇಬ್ಬರೂ ತಪ್ಪು. ಪರವೂರಿನವನಿಗೆ ಅಡ್ಡದಾರಿ ಹೇಳಬಾರದು. ಸೀದಾ ಸ್ಟೇಟ್ ಬ್ಯಾಂಕಿಗೆ ಹೋಗಲಿ. ಅಲ್ಲಿ ಬಜಪೆ ಬಸ್ಸಿನ ಕಂಡಕ್ಟರ್ ಕೂಗುತ್ತಿರುತ್ತಾನೆ. ಹತ್ತಿ ಬಜಪೆಯಲ್ಲಿ ಇಳಿದರಾಯಿತು.

ನಾನು: ದೊಡ್ಡಪ್ಪ, ಸ್ಟೇಟ್ ಬ್ಯಾಂಕ್ ಎಂದರೆ ಅವರು ಹೋಗಿ ಬ್ಯಾಂಕಿನ ಬಾಗಿಲಲ್ಲಿ ನಿಲ್ಲುತ್ತಾರೆ. ಅದು ಸಿಟಿ ಬಸ್ಸುಗಳ ನಿಲ್ದಾಣ ಎಂದು ಯಾರು ಹೇಳಬೇಕು?

ತಮ್ಮ: ಇನ್ನೊಂದು. ಬಜಪೆ ಪೇಟೆಯವರೆಗೆ ಕುಳಿತರೆ ಅವರಿಗೂ ಏರ್‌ಪೋರ್ಟ್ ರೋಡ್ ಕಥೆಯೇ. ಹೊಸ ಟರ್ಮಿನಲ್ 2010ರಲ್ಲಿ ಕೆಂಜಾರಿನ ಕಡೆಗೆ ಬಂತಲ್ಲ. ಮಂಗಳೂರಿನಿಂದ ಹೋಗುವಾಗ ಅದು ಪೇಟೆಗಿಂತ ಮೊದಲೇ ಸಿಗುತ್ತದೆ. ಇಳಿದ ಮೇಲೆ ಗುಡ್ಡ ಹತ್ತಬೇಕು. ನೆಂಟರನ್ನು ಬಿಡಲು ಕಾರಿನಲ್ಲಿ ಹೋಗುವ ನಮಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ?

ಚಿಕ್ಕಪ್ಪ: ಅದೂ ಹೌದು. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದಾಗ ಕಾವೂರಿನ ದಾರಿಯೇ ಬಂದ್ ಆಗಿತ್ತು. ಆಗ ಯಾರಾದರೂ ನನ್ನ ಈ ಸಂದೇಶ ಹಿಡಿದು ಹೋಗಿದ್ದರೆ ಫಲ್ಗುಣಿ ಹೊಳೆಯ ಈಚೆ ದಡದಲ್ಲಿ ನಿಂತು ನನಗೆ ಶಾಪ ಹಾಕುತ್ತಿದ್ದರು.

ದೊಡ್ಡಪ್ಪ: ಅಂದರೆ ಯಾರೂ ಯಾರಿಗೂ ದಾರಿ ಹೇಳಬಾರದು ಎಂದೇ ನಿಮ್ಮ ವಾದ?

ನಾನು: ಹೇಳಬಾರದು ಎಂದಲ್ಲ ದೊಡ್ಡಪ್ಪ. ಹೇಳುವ ಮೊದಲು ಕೇಳಬೇಕು. ಪುಟ್ಟಿಯ ಟಿಕೆಟಿನಲ್ಲಿ ಯಾವ ಟರ್ಮಿನಲ್ ಇದೆ ಎಂದು ಇಷ್ಟು ಹೊತ್ತಾದರೂ ಇಲ್ಲಿ ಒಬ್ಬರೂ ಕೇಳಿಲ್ಲ.

ಪುಟ್ಟಿ: ಟಿ2. ಹತ್ತು ಗಂಟೆಯ ಒಳಗೆ ಅಲ್ಲಿರಬೇಕು.

ಅತ್ತೆ: ಹಾಗಾದರೆ ಟ್ಯಾಕ್ಸಿ. ಮುಗಿಯಿತು.

ಭಾವ: ಅತ್ತೆ, ಸ್ವಲ್ಪ ತಡೆಯಿರಿ. ಇದು ರೈಲು ಮುಟ್ಟುವ ಹೊತ್ತಿನ ಮೇಲೆ ನಿಂತಿದೆ. ಮತ್ಸ್ಯಗಂಧ ವೇಳೆಗೆ ಸರಿಯಾಗಿ ಬಂದರೆ ಬೆಳಗ್ಗೆ ಬೇಗನೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿರುತ್ತಾಳೆ. ಆ ಹೊತ್ತಿಗೆ ಘಾಟ್ಕೋಪರ್ ಮೆಟ್ರೋ ಇನ್ನೂ ಖಾಲಿ. ಸ್ಟೇಷನ್ನಿನಿಂದ ಅಲ್ಲಿಗೆ ರಿಕ್ಷಾದಲ್ಲಿ ಹತ್ತಿರ. ಲಿಫ್ಟ್ ಇದೆ, ಎಸ್ಕಲೇಟರ್ ಇದೆ. ಒಳಗೆ ಹೋಗುವಾಗ ಪೆಟ್ಟಿಗೆಯನ್ನು ಯಂತ್ರದಲ್ಲಿ ಹಾಯಿಸಬೇಕು. ಮರೋಳ್ ನಾಕಾದಲ್ಲಿ ಮೇಲಿನ ಮಾರ್ಗದಿಂದ ನೆಲದಡಿಗೆ ಇಳಿಯುವುದು ಕೊಂಚ ಉದ್ದ. ಲಿಫ್ಟ್ ಹುಡುಕಿಕೊಂಡೇ ಹೋಗಲಿ, ಅವಸರ ಬೇಡ.

ಭಾವ: ಆದರೆ ರೈಲು ತಡವಾಗಿ ಎಂಟೂವರೆಗೆ ಮುಟ್ಟಿದರೆ ಘಾಟ್ಕೋಪರ್ ಕಡೆಗೆ ತಲೆ ಹಾಕಬಾರದು. ಲೋಕಲ್‌ನಿಂದ ಇಳಿದವರೆಲ್ಲ ಅಂಧೇರಿ ಕಡೆಯ ಕಚೇರಿಗಳಿಗೆ ಅದೇ ಮೆಟ್ರೋಗೆ ನುಗ್ಗುತ್ತಾರೆ. ಎರಡು ಪೆಟ್ಟಿಗೆ ಹಿಡಿದವರು ಬಾಗಿಲ ಹತ್ತಿರವೂ ಸುಳಿಯಲಾರರು. ಆಗ ಟ್ಯಾಕ್ಸಿಯೇ ಸೈ.

ಚಿಕ್ಕಪ್ಪ: ಮಳೆಗಾಲದಲ್ಲಿ ಕೊಂಕಣ ರೈಲ್ವೆಯವರು ವೇಳಾಪಟ್ಟಿಯನ್ನೇ ಬದಲಾಯಿಸುತ್ತಾರೆ. ಗಾಡಿಯ ವೇಗ ಇಳಿಸುತ್ತಾರೆ. ಟಿಕೆಟ್ ಮಾಡುವಾಗ ಅದನ್ನು ನೋಡಿದ್ದಾಳೋ ಇಲ್ಲವೋ?

ಪುಟ್ಟಿ: ನೋಡಿದ್ದೇನೆ ಚಿಕ್ಕ ಮಾವ. ಮಳೆಗಾಲದ ವೇಳಾಪಟ್ಟಿ ಮುಗಿದ ಮೇಲೆ ಹೋಗುವುದು.

ದೊಡ್ಡಪ್ಪ: ಠಾಣೆಯಲ್ಲಿ ಇಳಿದು ಲೋಕಲ್ ಹಿಡಿದರೆ ಘಾಟ್ಕೋಪರ್ ಅದೇ ದಾರಿಯಲ್ಲಿ ಸಿಗುತ್ತದೆ. ರಿಕ್ಷಾದ ದುಡ್ಡೂ ಉಳಿಯಿತು.

ಅತ್ತೆ: ಅಣ್ಣ!!

ಭಾವ: ಮಾವ, ದಾರಿ ಸರಿ. ಆದರೆ ಆ ಪೆಟ್ಟಿಗೆಗಳೊಂದಿಗೆ ಲೋಕಲ್ ಹತ್ತುವಷ್ಟು ಹೊತ್ತು ಗಾಡಿ ನಿಲ್ಲುವುದಿಲ್ಲ. ನಿಮಗೇ ಗೊತ್ತು.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ತಮ್ಮ: ದೊಡ್ಡಪ್ಪ, ಠಾಣೆಯ ಸಂದೇಶ ಅಳಿಸಿದಿರಿ. ಮೊದಲಿನ ಫಾರ್ವರ್ಡ್ ಇನ್ನೂ ಅಲ್ಲೇ ಇದೆ.

ದೊಡ್ಡಪ್ಪ: ಅದು ಇರಲಿ. ಅದನ್ನು ಬೇರೆ ಗುಂಪುಗಳಿಗೂ ಹಾಕಿದ್ದೇನೆ. ಇಲ್ಲಿ ಮಾತ್ರ ಅಳಿಸಿ ಏನು ಪ್ರಯೋಜನ?

ನಾನು: ಹಾಗಾದರೆ ಭಾವ ಬರೆದದ್ದನ್ನೂ ಆ ಗುಂಪುಗಳಿಗೆ ಹಾಕಿ. ತಾರೀಕು ಸೇರಿಸಿ.

ದೊಡ್ಡಪ್ಪ: ಅಷ್ಟುದ್ದದ್ದನ್ನು ಯಾರು ಓದುತ್ತಾರೆ?

ಪುಟ್ಟಿ: ನಾನು ಓದಿದೆ ಮಾವ. ಭಾವ, ಒಂದು ಸಂಶಯ. ಕುರ್ಲಾದಲ್ಲಿ ಹೊರಗೆ ಬಂದ ಕೂಡಲೇ ರಿಕ್ಷಾದವರು ಮುತ್ತಿಕೊಳ್ಳುತ್ತಾರೆ ಎನ್ನುತ್ತಾರಲ್ಲ?

ಭಾವ: ಬಾಗಿಲಲ್ಲೇ ಬಂದು ಪೆಟ್ಟಿಗೆಗೆ ಕೈ ಹಾಕುವವರ ಜೊತೆ ಮಾತೇ ಬೇಡ. ಮುಂದೆ ಬಂದು ಮೀಟರ್ ಹಾಕುವವರ ರಿಕ್ಷಾ ಹತ್ತು. "ಘಾಟ್ಕೋಪರ್ ಮೆಟ್ರೋ" ಎಂದರೆ ಸಾಕು. ಏರ್‌ಪೋರ್ಟ್ ಎಂಬ ಮಾತನ್ನೇ ಎತ್ತಬೇಡ, ಎತ್ತಿದರೆ ಬಾಡಿಗೆ ಏರುತ್ತದೆ. ರೈಲು ಪನ್ವೇಲ್ ದಾಟಿದ ಕೂಡಲೇ ನನಗೆ ಸಂದೇಶ ಹಾಕು. ಮೆಟ್ರೋವೋ ಟ್ಯಾಕ್ಸಿಯೋ ಎಂದು ಆಗ ಹೇಳುತ್ತೇನೆ. ಟ್ಯಾಕ್ಸಿ ಎಂದಾದರೆ ಪುಣೆಯಿಂದಲೇ ಮೊಬೈಲಿನಲ್ಲಿ ಬುಕ್ ಮಾಡಿ ಗಾಡಿಯ ನಂಬರ್ ಈ ಗುಂಪಿಗೆ ಹಾಕುತ್ತೇನೆ.

ಅತ್ತೆ: ಪನ್ವೇಲ್ ಎಷ್ಟು ಹೊತ್ತಿಗೆ? ನಾನೂ ಎಚ್ಚರವಿರುತ್ತೇನೆ.

ದೊಡ್ಡಪ್ಪ: ನನಗೂ ಹಾಕು. ನಾನು ಹೇಗೂ ನಾಲ್ಕು ಗಂಟೆಗೇ ಏಳುವವನು.