ಫಾಸ್ಫಟೇಸ್ ‘ಆರಿಸುತ್ತದೆಯೋ’, ‘ತೆಗೆಯುತ್ತದೆಯೋ’?

ನಮಸ್ಕಾರ. ಪಿಯುಸಿ ಮಕ್ಕಳಿಗೆಂದು ರೋಗನಿರೋಧಕ ಶಕ್ತಿಯ ಬಗ್ಗೆ ಬರೆಯುತ್ತಿದ್ದೆ. ಪಿಟಿಪಿಆರ್‌ಸಿ ಎಂಬ ಜೀನ್ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಅದರಿಂದ ತಯಾರಾಗುವ ಪ್ರೋಟೀನು ಸಿಡಿ45. ಬಿಳಿ ರಕ್ತಕಣಗಳ ಮೈಮೇಲೆ ಧಾರಾಳವಾಗಿ ಇರುತ್ತದೆ. ಇದು ‘ರಿಸೆಪ್ಟರ್ ಟೈಪ್’ ಫಾಸ್ಫಟೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಅಂಟಿದ ಫಾಸ್ಫೇಟನ್ನು ಬಿಡಿಸುವ ಒಂದು ಕಿಣ್ವ.

ರಿಸೆಪ್ಟರ್‌ಗೆ ‘ಗ್ರಾಹಕ’ ಎಂಬ ರೂಢಿಯಿದೆ. ‘ಗ್ರಾಹಕ ಮಾದರಿಯ ಕಿಣ್ವ’ ಅಂತ ಬರೆದೆ. ಓದಿದ ಮಗಳು, “ಯಾವ ಅಂಗಡಿಯ ಗ್ರಾಹಕ?” ಅಂದಳು. ನಕ್ಕು ಬಿಟ್ಟೆ, ಆದರೆ ಅವಳ ಮಾತು ಸುಳ್ಳಲ್ಲ ಅಲ್ವಾ? ಅದೂ ಅಲ್ಲದೆ, ಇಲ್ಲಿ ಹೆಸರು ಬಂದಿರುವುದು ಆಕಾರದಿಂದ. ತಲೆ ಜೀವಕೋಶದ ಹೊರಗೆ, ನಡು ಪೊರೆಯಲ್ಲಿ, ಕೆಲಸ ಮಾಡುವ ಭಾಗ ಒಳಗೆ. ‘ಪೊರೆ ತೂರಿದ’ ಅಂದರೆ ಸಾಕೇನೋ.

ಜಾಸ್ತಿ ಕಾಡಿದ್ದು ಕ್ರಿಯಾಪದ. ಕೈನೇಸ್ ಎಂಬ ಕಿಣ್ವ ಫಾಸ್ಫೇಟನ್ನು ಅಂಟಿಸುತ್ತದೆ, ಫಾಸ್ಫಟೇಸ್ ಬಿಡಿಸುತ್ತದೆ. ಅಂಟಿಸಿದರೆ ಸಂಕೇತದ ದೀಪ ಹೊತ್ತಿದಂತೆ, ಬಿಡಿಸಿದರೆ ಆರಿದಂತೆ ಅಂದುಕೊಂಡೆ. ಹಾಗಾಗಿ ಸುಮ್ನೆ ‘ಸಂಕೇತ ಆರಿಸುವ ಕಿಣ್ವ’ ಎಂದು ಬರೆದಿದ್ದೆ. ಸಿಡಿ45ರ ಮುಖ್ಯ ಕೆಲಸ ನೋಡಿದರೆ ಅದು ಪೂರ್ತಿ ಉಲ್ಟಾ!

ಟಿ ಕೋಶ ಎಂಬ ಬಗೆಯ ಬಿಳಿ ರಕ್ತಕಣದೊಳಗೆ ಎಲ್‌ಸಿಕೆ ಎಂಬ ಕೈನೇಸ್ ಇದೆ. ಅದರ ಬಾಲದಲ್ಲಿ, 505ನೇ ಜಾಗದ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿದ್ದರೆ ಬಾಲ ಮಡಚಿ ತನ್ನ ಮೈಗೇ ಕಚ್ಚಿಕೊಳ್ಳುತ್ತದೆ. ಕೆಲಸ ಬಂದ್. ಸಿಡಿ45 ಆ ಫಾಸ್ಫೇಟನ್ನು ತೆಗೆದಾಗಲೇ ಎಲ್‌ಸಿಕೆ ಬಿಚ್ಚಿಕೊಳ್ಳುವುದು, ಸಂಕೇತ ಮುಂದೆ ಹೋಗುವುದು. ಈ ಜೀನ್‌ನ ಎರಡೂ ಪ್ರತಿ ಕೆಟ್ಟು ಸಿಡಿ45 ಇಲ್ಲದೆ ಹುಟ್ಟಿದ ಮಕ್ಕಳಿಗೆ ರೋಗನಿರೋಧಕ ಶಕ್ತಿಯೇ ತೀರಾ ಕುಸಿದಿರುತ್ತದೆ. ಆರಿಸುವ ಕಿಣ್ವ ಇಲ್ಲದಿದ್ದರೆ ದೀಪ ಉರಿಯುತ್ತಲೇ ಇರಬೇಕಿತ್ತಲ್ಲ!

ಇಷ್ಟು ಬರೆಯುವಾಗ ನನ್ನ ಕೈಯಲ್ಲಿ ತಾನಾಗಿ ಬಂದ ಪದ ನೋಡಿ: ‘ತೆಗೆ’. ಮುಳ್ಳು ತೆಗೆ ಎಂದರೆ ಕಿತ್ತು ಹಾಕು. ಬಾಗಿಲು ತೆಗೆ ಎಂದರೆ ಯಾರೂ ಬಾಗಿಲು ಕೀಳುವುದಿಲ್ಲ. ಚಿಲಕ ತೆಗೆದರೆ ಬಾಗಿಲೂ ತೆಗೆಯಿತು. ಸಿಡಿ45 ಮಾಡುವುದು ಇದನ್ನೇ. ಅದೇ ಸಿಡಿ45, ಎಲ್‌ಸಿಕೆಯ 394ನೇ ಜಾಗದ ಫಾಸ್ಫೇಟನ್ನೂ ತೆಗೆಯಬಲ್ಲದು. ಆಗ ಎಲ್‌ಸಿಕೆಯ ಚುರುಕು ಇಳಿಯುತ್ತದೆ. ‘ಆರಿಸು’ ಒಂದಕ್ಕೇ ಹೊಂದುತ್ತದೆ, ‘ತೆಗೆ’ ಎರಡಕ್ಕೂ.

ನನ್ನ ಪ್ರಶ್ನೆ ಎರಡು. ‘ತೆಗೆ’ಯಿಂದ ಒಂದು ಚಿಕ್ಕ ನಾಮಪದ ಆದೀತೇ? ‘ಫಾಸ್ಫೇಟ್ ತೆಗೆಯುವ ಕಿಣ್ವ’ ಎಂದು ಸಾಲಿಗೊಮ್ಮೆ ಬರೆಯಲು ಬೇಸರ. ‘ತೆಗೆಗಿಣ್ವ’ ಅಂತ ಬರೆದು ನಾನೇ ಹೊಡೆದು ಹಾಕಿದೆ, ಬಾಯಿಗೆ ಬರಲಿಲ್ಲ. ಇನ್ನೊಂದು, ನಿಮ್ಮ ಕಡೆ ಬಾಗಿಲು ‘ತೆಗೆ’ ಅನ್ನುತ್ತೀರೋ, ‘ತೆರೆ’ ಅನ್ನುತ್ತೀರೋ? ‘ತೆರೆ’ಯೇ ರೂಢಿ ಇರುವ ಕಡೆ ಈ ಹೋಲಿಕೆ ಮಕ್ಕಳಿಗೆ ಹಿಡಿಯುತ್ತದೋ ಇಲ್ಲವೋ ತಿಳಿಸಿ.