ಸ್ಟ್ರೋಕ್ ಆದವರ ಮಾತ್ರೆಗಳು: ಯಾವುದು ಎಷ್ಟು ದಿನ?

ಶಿವಮೊಗ್ಗದಿಂದ ಪ್ರಶ್ನೆ: ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸೋತಿದೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಚಿಕ್ಕ ಸ್ಟ್ರೋಕ್ ಅಂದರು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೊರ್ವಾಸ್ಟಾಟಿನ್ ಜೊತೆಗೆ ಬಿಪಿ, ಶುಗರ್ ಮಾತ್ರೆ ಬರೆದು ಮನೆಗೆ ಕಳಿಸಿದ್ದಾರೆ. ಪಕ್ಕದ ಬೆಡ್ಡಿನ ಅಜ್ಜಿಗೂ ಇದೇ ಕಾಯಿಲೆ, ಆದರೆ ಬೇರೆ ಮಾತ್ರೆ. ಯಾಕೆ ಹೀಗೆ? ಎಲ್ಲವನ್ನೂ ಜೀವನಪೂರ್ತಿ ತಗೋಬೇಕಾ? ಅನುಭವ ಇದ್ದವರು ತಿಳಿಸಿ.

ನ್ಯೂರೋ ವಾರ್ಡಿನ ಸ್ಟಾಫ್ ನರ್ಸ್: ಹೆಪ್ಪು ಎಲ್ಲಿಂದ ಬಂತು ಅನ್ನುವುದರ ಮೇಲೆ ಮಾತ್ರೆ ಬದಲಾಗುತ್ತೆ. ನಮ್ಮ ವಾರ್ಡಿಗೆ ಬರುವವರಲ್ಲಿ ಹೆಚ್ಚಿನವರಿಗೆ ಬಿಪಿ ಇಲ್ಲವೇ ಶುಗರ್ ಇರುತ್ತೆ, ಬೀಡಿ ಸೇದುವವರೂ ಬಹಳ. "ಬಿಪಿ ನಾರ್ಮಲ್ ಆಯ್ತಲ್ಲ" ಅಂತ ಮಾತ್ರೆ ಬಿಟ್ಟು ಬಂದವರನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಬಿಪಿ, ಶುಗರ್, ಬೀಡಿ ಇರುವವರ ರಕ್ತನಾಳವೇ ಕೆಟ್ಟಿರುತ್ತೆ, ಅಲ್ಲಿ ಮತ್ತೆ ಹೆಪ್ಪು ಕಟ್ಟದಿರಲಿ ಅಂತ ಆಸ್ಪಿರಿನ್, ಕ್ಲೋಪಿಡೋಗ್ರೆಲ್. ಆ ಅಜ್ಜಿಗೆ ಬಹುಶಃ ಹೃದಯದ ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್ ಇರಬೇಕು. ಹೆಪ್ಪು ಹೃದಯದಲ್ಲಿ ಕಟ್ಟಿ ಮಿದುಳಿಗೆ ಹೋದರೆ ಆಸ್ಪಿರಿನ್ ಸಾಲದು, ಹೆಪ್ಪು ತಡೆಯುವ ಬೇರೆ ಬಗೆಯ ಮಾತ್ರೆ, ಅಂದರೆ ಅಪಿಕ್ಸಾಬಾನ್ ಅಥವಾ ವಾರ್ಫರಿನ್ ಬೇಕು. ವಾರ್ಫರಿನ್ ಆದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು, ಅದು ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು.

ಅಪ್ಪನ ವಿಷಯದಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಚಿಕ್ಕ ಸ್ಟ್ರೋಕಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಒಟ್ಟಿಗೆ ಸಾಮಾನ್ಯವಾಗಿ 21 ದಿನ ಕೊಟ್ಟು, ಆಮೇಲೆ ಒಂದನ್ನೇ ಮುಂದುವರಿಸುತ್ತಾರೆ. ಮಿದುಳಿನೊಳಗಿನ ನಾಳ ತುಂಬಾ ಕಿರಿದಾಗಿದ್ದರೆ 90 ದಿನವೂ ಆಗಬಹುದು. ಯಾವುದನ್ನು, ಯಾವ ತಾರೀಖಿಗೆ ನಿಲ್ಲಿಸಬೇಕು ಅಂತ ಡಿಸ್ಚಾರ್ಜ್ ಸಮ್ಮರಿಯ ಮೇಲೇ ಡಾಕ್ಟರ ಕೈಲಿ ಬರೆಸಿಕೊಳ್ಳಿ. ಹಳೇ ಚೀಟಿ ತೋರಿಸಿ ಎರಡನ್ನೂ ವರ್ಷಗಟ್ಟಲೆ ನುಂಗಿ, ಕಪ್ಪು ಮಲ ಹೋಗುತ್ತಿದೆ ಅಂತ ಬರುವವರಿದ್ದಾರೆ. ಅದು ಹೊಟ್ಟೆಯೊಳಗಿನ ರಕ್ತಸ್ರಾವ.

ಧಾರವಾಡದಿಂದ: ನಮ್ಮ ಅವ್ವಗ ಎಡಗಡೆ ಲಕ್ವಾ ಹೊಡೆದಿತ್ರಿ. ಕೊಲೆಸ್ಟ್ರಾಲ್ ರಿಪೋರ್ಟ್ ಚಲೋ ಬಂದ್ರೂ ಅಟೊರ್ವಾಸ್ಟಾಟಿನ್ ಬಿಡಬ್ಯಾಡ್ರಿ ಅಂದ್ರು ಡಾಕ್ಟ್ರು. ಗುಳಿಗಿ ತಗೊಂಡಿದ್ದಕ್ಕ ರಿಪೋರ್ಟ್ ಚಲೋ ಬಂದೈತಿ, ಬಿಟ್ರ ಮತ್ತ ಏರತೈತಿ. ನಾಟಿ ಔಷಧ ಕೊಡ್ರಿ, ಇಂಗ್ಲಿಷ್ ಗುಳಿಗಿ ಬಿಡಸ್ರಿ ಅಂತ ಬೀಗರು ಭಾಳ ಒತ್ತಾಯ ಮಾಡಿದ್ರು, ನಾವು ಒಪ್ಪಲಿಲ್ಲ. ಇನ್ನೊಂದು, ನುಂಗೂದು ಸರಿ ಆಗೂತನಕ ಗುಳಿಗಿ ಬಾಯಾಗ ಹಾಕಬ್ಯಾಡ್ರಿ. ಅವ್ವಗ ಮೊದಲ ಚಮಚಾದಾಗ ನೀರು ಕುಡಿಸಿ ಕೆಮ್ಮು ಬರತೈತೇನು ನೋಡಿದ್ರು. ಕೆಮ್ಮು ಬಂತು, ಅದಕ್ಕ ಮೂಗಿನ ನಳಿಗೀಲೇ ಕೊಟ್ರು.

ಮೈಸೂರಿನ ಮೆಡಿಕಲ್ ಶಾಪಿನವರು: ಬ್ರ್ಯಾಂಡ್ ಹೆಸರು ಬಿಟ್ಟು ಒಳಗಿನ ಔಷಧದ ಹೆಸರು ಓದಿ. ಆಸ್ಪಿರಿನ್ನೂ ಅಟೊರ್ವಾಸ್ಟಾಟಿನ್ನೂ ಒಂದೇ ಕ್ಯಾಪ್ಸೂಲಿನಲ್ಲಿ ಬರುತ್ತೆ. ಅದರ ಜೊತೆ ಬೇರೆ ಆಸ್ಪಿರಿನ್ ಸ್ಟ್ರಿಪ್ಪೂ ಒಯ್ದರೆ ಡೋಸ್ ಡಬಲ್ ಆಗುತ್ತೆ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನೀವಾಗಿಯೇ ಕೇಳಿ ತಗೋಬೇಡಿ, ಈ ಮಾತ್ರೆಗಳ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ಗ್ಯಾಸ್ಟ್ರಿಕ್‌ಗೆ ಒಮೆಪ್ರಜೋಲ್ ತಗೊಂಡರೆ ಕ್ಲೋಪಿಡೋಗ್ರೆಲ್ ಕೆಲಸ ಕುಂದುತ್ತೆ, ಪ್ಯಾಂಟೊಪ್ರಜೋಲ್ ಆಗಬಹುದಾ ಅಂತ ಡಾಕ್ಟರನ್ನು ಕೇಳಿ. ಖರ್ಚು ಭಾರ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಅದೇ ನರ್ಸ್ ಮತ್ತೆ: ಒಂದು ಸೇರಿಸ್ತೀನಿ. ಬಾಯಿ ಮತ್ತೆ ಸೊಟ್ಟಗಾದರೆ, ಮಾತು ತೊದಲಿದರೆ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಈ ಸಲ ರಕ್ತಸ್ರಾವವೇ ಆಗಿರಬಹುದು, ಸಿಟಿ ಸ್ಕ್ಯಾನ್ ಇಲ್ಲದೆ ಗೊತ್ತಾಗಲ್ಲ. ಲಕ್ಷಣ ಶುರುವಾದ ಸಮಯ ನೋಡಿಕೊಂಡು 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬಿದ್ದರಷ್ಟೇ ಉಪಯೋಗ, ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ.