ಯಾತ್ರೆಗೆ ಶಾಂಪೂ ಸ್ಯಾಷೆಯ ಸರ ಬಿಟ್ಟು ಏನು ಒಯ್ಯುತ್ತೀರಿ?

ಮುಂದಿನ ವಾರ ಆರು ಮಂದಿ ಧರ್ಮಸ್ಥಳ, ಕುಕ್ಕೆಗೆ ಹೊರಟಿದ್ದೇವೆ, ಮೂರು ದಿನ. ಪ್ರತಿ ಸಲ ಶಾಂಪೂ ಸ್ಯಾಷೆಯ ಸರ, ಪುಟಾಣಿ ಪೇಸ್ಟು, ಪುಟಾಣಿ ಸೋಪು ಕೊಳ್ಳುತ್ತೇನೆ. ಕಳೆದ ಸಲ ವಾಪಸ್ ಬಂದು ಚೀಲ ಕೊಡವಿದಾಗ ಉದುರಿದ ಖಾಲಿ ಕವರ್ ನೋಡಿ ನಾಚಿಕೆಯಾಯಿತು. ನೀವೆಲ್ಲ ಏನು ಮಾಡುತ್ತೀರಿ?

— ಮನೆಯ ದೊಡ್ಡ ಬಾಟಲಿಯಿಂದ ಹಳೆಯ ಕೆಮ್ಮಿನ ಸಿರಪ್ ಬಾಟಲಿಗೆ ಸುರಿದುಕೊಳ್ಳಿ. ಒಂದು ಸ್ಯಾಷೆಯಲ್ಲಿ ಇರುವುದೇ ಐದಾರು ಮಿಲಿ. 100 ಮಿಲಿ ನಿಮಗೆ ಧಾರಾಳ. ಮೇಲೆ ಚೀಟಿ ಅಂಟಿಸಲು ಮರೆಯಬೇಡಿ. ನಮ್ಮ ಮಾವ ಮಧ್ಯರಾತ್ರಿ ಕೆಮ್ಮು ಬಂತೆಂದು ಮುಚ್ಚಳ ತೆಗೆದುಬಿಟ್ಟಿದ್ದರು.

— ನಮ್ಮದು ಧಾರವಾಡ, ಏಳು ಮಂದಿ ಸಂಸಾರ. ಸೋಪಿಂದು ಹೇಳ್ತೀನಿ ಕೇಳ್ರಿ. ಒಂದು ದೊಡ್ಡ ಸೋಪು ದಾರದಿಂದ ಕೊಯ್ದು ಮಂದಿಗೊಂದು ತುಂಡು ಮಾಡಿ ಎರಡು ದಿನ ಗಾಳಿಗೆ ಒಣಗಿಸ್ತೀನಿ, ಜಲ್ದಿ ಕರಗೂದಿಲ್ಲ. ಡಬ್ಬ್ಯಾಗ ಹಾಕಿದ್ರ ರಾಡಿ ಆಗ್ತದ. ಹಳೇ ಧೋತರದ ತುಂಡಿನ್ಯಾಗ ಸುತ್ತಿ ಬಸ್ಸಿನ ಕಿಟಕಿಗೆ ಕಟ್ಟಿದ್ರ ಊರು ಮುಟ್ಟೂದ್ರಾಗ ಒಣಗಿರ್ತದ. ಹಲ್ಲುಪುಡಿಗೆ ಕುಂಕುಮದ ಡಬ್ಬಿ ಸಾಕು. ಹುಡುಗ್ರು ಒಲ್ಲೆ ಅಂದ್ರ ಮನೀ ಪೇಸ್ಟಿನ ಟ್ಯೂಬನ್ನೇ ಒಯ್ಯೂದು, ಅದೇನು ಭಾರನೋ?

— ಯಾರಾದರೂ ಸೀಗೆಪುಡಿ ಎನ್ನುವ ಮೊದಲೇ ಹೇಳಿಬಿಡುತ್ತೇನೆ. ಪುಡಿ ಒಳ್ಳೆಯದೇ, ಆದರೆ ಕೋಣೆಯ ಬಚ್ಚಲಿನಲ್ಲಿ. ನೇತ್ರಾವತಿಯಲ್ಲೋ ಕುಮಾರಧಾರೆಯಲ್ಲೋ ನಿಂತು ತಲೆಗೆ ಹಚ್ಚಬೇಡಿ. ಸೀಗೆ, ಅಂಟುವಾಳ ನೊರೆ ಬರುವುದು ಸಪೋನಿನ್‌ನಿಂದ, ಅದು ಮೀನಿಗೆ ವಿಷ. ಮಲೆನಾಡಿನಲ್ಲಿ ಹಿಂದೆ ಕಾರೆಕಾಯಿ ಜಜ್ಜಿ ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದದ್ದೂ ಅದೇ ಗುಣದಿಂದ. ಅಲ್ಲೇ ಕೊಂಡರಾಯಿತು ಎಂಬ ಲೆಕ್ಕವೂ ಬೇಡ: 2025ರ ಮಾರ್ಚ್‌ನಲ್ಲಿ ಸಚಿವ ಈಶ್ವರ ಖಂಡ್ರೆ ತೀರ್ಥಕ್ಷೇತ್ರಗಳ ನದಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ನಿಲ್ಲಿಸಲು ಅಧಿಕಾರಿಗಳಿಗೆ ಸೂಚಿಸಿದ್ದರು. ಸ್ಯಾಷೆಯನ್ನು ಗುಜರಿಯವರೂ ಮುಟ್ಟುವುದಿಲ್ಲ. ಅದರಲ್ಲಿ ಒಂದಕ್ಕೊಂದು ಅಂಟಿಸಿದ ಬೇರೆ ಬೇರೆ ವಸ್ತುಗಳ ಪದರಗಳನ್ನು ಬಿಡಿಸುವವರು ಯಾರು? 2022ರ ಜುಲೈ 1ರಿಂದ ಬಳಸಿ ಎಸೆಯುವ ಪ್ಲಾಸ್ಟಿಕ್ ಸ್ಟ್ರಾ, ತಟ್ಟೆ, ಲೋಟಕ್ಕೆ ನಿಷೇಧ ಬಂತು, ಸ್ಯಾಷೆ ಮಾತ್ರ ತಪ್ಪಿಸಿಕೊಂಡಿತು.

— ನಾನಿರುವುದು ಕ್ಯಾಲಿಫೋರ್ನಿಯಾ. ಇಲ್ಲಿ 2023ರಿಂದ ದೊಡ್ಡ ಹೋಟೆಲುಗಳಲ್ಲಿ, ಮರುವರ್ಷದಿಂದ ಸಣ್ಣವುಗಳಲ್ಲೂ ಪುಟ್ಟ ಶಾಂಪೂ ಬಾಟಲಿ ಇಡುವಂತಿಲ್ಲ. ವಿಮಾನದಲ್ಲಿ ಬರುವವರಿಗೊಂದು ಮಾತು: ಕೈಚೀಲದ 100 ಮಿಲಿ ಮಿತಿ ಬಾಟಲಿಯ ಅಳತೆಗೆ, ಒಳಗಿರುವುದಕ್ಕಲ್ಲ. 200 ಮಿಲಿ ಬಾಟಲಿಯ ತಳದಲ್ಲಿದ್ದ ನನ್ನ ಕೊಬ್ಬರಿ ಎಣ್ಣೆ ಕಸದ ಬುಟ್ಟಿಗೆ ಹೋಯಿತು. ಸೋಪಿನಂತೆ ಬಿಲ್ಲೆಯಾಗಿ ಬರುವ ಗಟ್ಟಿ ಶಾಂಪೂಗೆ ಈ ತಕರಾರಿಲ್ಲ. ಆದರೆ ಊರಿನ ಬೋರ್‌ವೆಲ್ ನೀರಿನಲ್ಲಿ ನನ್ನ ಕೂದಲು ಜಿಗುಟಾಯಿತು.

— ಕೇಳಿದವಳು ನಾನೇ. ಹೋಗಿ ಬಂದೆವು. ಸಿರಪ್ ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಇದೆ. ಸೋಪಿನ ಒಂದು ತುಂಡು ಕುಕ್ಕೆಯ ಕೋಣೆಯಲ್ಲೇ ಉಳಿಯಿತು. ಅತ್ತೆ ಮಾತ್ರ ನನ್ನ ಮೇಲೆ ನಂಬಿಕೆಯಿಲ್ಲದೆ ಕೊಟ್ಟಿಗೆಹಾರದಲ್ಲಿ ಎರಡು ಸ್ಯಾಷೆ ಕೊಂಡು ಸೆರಗಿಗೆ ಗಂಟು ಹಾಕಿಕೊಂಡಿದ್ದರಂತೆ. ಮನೆಗೆ ಬಂದು ಬಿಚ್ಚಿ ತೋರಿಸಿದರು, ಒಂದನ್ನೂ ಒಡೆದಿರಲಿಲ್ಲ.